ಹಸಿರು ದಾರಿಯಲ್ಲಿ ತುಪ್ಪದ ಡಬ್ಬಿ

ಮಗ ಬರ್ಲಿನ್ನಿಗೆ ಓದಲು ಹೊರಟನೆಂದರೆ ಮನೆಯಲ್ಲಿ ಎರಡು ಪಟ್ಟಿಗಳು ಸಿದ್ಧವಾಗುತ್ತವೆ. ಒಂದು ಮಗನದು: ಪಾಸ್‌ಪೋರ್ಟು, ಪ್ರವೇಶಪತ್ರ, ಅಂಕಪಟ್ಟಿಗಳ ಮೂಲಪ್ರತಿ, ಔಷಧಿ ಮತ್ತು ಡಾಕ್ಟರ ಚೀಟಿ, ಅಲ್ಲಿಯ ಗೋಡೆಗೆ ಹೊಂದುವ ಪ್ಲಗ್ಗು. ಇನ್ನೊಂದು ತಾಯಿಯದು: ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಮಿಡಿ ಉಪ್ಪಿನಕಾಯಿ, ಕುಕ್ಕರು, ಎಲ್ಲಕ್ಕೂ ಮೇಲೆ ಒಂದು ತುಪ್ಪದ ಡಬ್ಬಿ. ಮೊದಲನೆಯದು ಕೈಚೀಲದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ವಿಮಾನದವರು ಸಾಮಾನ್ಯವಾಗಿ ಕೊಡುವ 23 ಕಿಲೋ ಸಾಲದು.

ನಗುವ ವಿಷಯವಲ್ಲ ಇದು. ಊರು ಬಿಟ್ಟು ಮುಂಬಯಿಗೆ ಬಂದ ನಾವು ಗಂಟಿನ ಬೆಲೆ ಬಲ್ಲವರು. ಊರಿನ ಬಸ್ಸಿನಲ್ಲಿ ಬಂದ ಕುಚ್ಚಲಕ್ಕಿ, ಹಪ್ಪಳಗಳಿಂದಲೇ ಎಷ್ಟೋ ಚಾಳಿನ ಕೋಣೆಗಳು ಮನೆಗಳಾದವು. ಆದರೆ ಅಂದು ತುಪ್ಪ ತಂದವನನ್ನು ಯಾರೂ ಅಪರಾಧಿ ಎನ್ನುತ್ತಿರಲಿಲ್ಲ.

ಇಂದು ಯುರೋಪಿಯನ್ ಒಕ್ಕೂಟದ ನಿಯಮ ಬೇರೆ. ಹೊರಗಿನಿಂದ ಬರುವ ಪ್ರಯಾಣಿಕ ಮಾಂಸವನ್ನಾಗಲಿ, ಹಾಲು ಮತ್ತು ಹಾಲಿನ ಪದಾರ್ಥಗಳನ್ನಾಗಲಿ ತರುವಂತಿಲ್ಲ. ತುಪ್ಪವೂ ಅದರಲ್ಲಿ ಸೇರಿತು. 2019ರ ಡಿಸೆಂಬರ್ 14ರಿಂದ ಹಸಿ ಹಣ್ಣು, ಸೊಪ್ಪುಗಳಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸು, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಅಂದರೆ ತೆಂಗಿನಕಾಯಿಗೆ ಅಲ್ಲಿ ಬಾಗಿಲು ತೆರೆದಿದೆ, ಹಿಡಿ ಕರಿಬೇವಿಗೆ ಇಲ್ಲ! (ತೆಂಗಿನಕಾಯಿಯ ಬಗ್ಗೆ ವಿಮಾನದವರನ್ನೂ ಒಮ್ಮೆ ಕೇಳಿಕೊಳ್ಳುವುದು ಲೇಸು.)

"ಕಾಯಿಸಿದ ತುಪ್ಪದಲ್ಲಿ ಯಾವ ರೋಗವಪ್ಪಾ? ಬಟ್ಟೆಯ ನಡುವೆ ಸುತ್ತಿಡು, ಯಾರೂ ಕೇಳುವುದಿಲ್ಲ" ಎನ್ನುವ ತಾಯಂದಿರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ 2025ರ ಜನವರಿಯಲ್ಲಿ ಬರ್ಲಿನ್ನಿನ ಪಕ್ಕದಲ್ಲೇ ಎಮ್ಮೆಗಳ ಹಿಂಡಿಗೆ ಕಾಲುಬಾಯಿ ರೋಗ ತಗಲಿತು. 1988ರ ನಂತರ ಜರ್ಮನಿಯಲ್ಲಿ ಅದು ಮೊದಲ ಸಲ. ಸಾಯದೆ ಉಳಿದ ಎಮ್ಮೆಗಳನ್ನೂ ಕೊಲ್ಲಬೇಕಾಯಿತು. ಅದು ಪ್ರಯಾಣಿಕರ ಪೆಟ್ಟಿಗೆಯಿಂದ ಬಂತೆಂದು ನಾನು ಹೇಳುತ್ತಿಲ್ಲ. ಕೊಟ್ಟಿಗೆಯಲ್ಲಿ ಆ ರೋಗ ಹೊಕ್ಕರೆ ಏನಾಗುತ್ತದೆಂದು ಊರಿನಲ್ಲಿ ಎಮ್ಮೆ ಕಟ್ಟಿದವರಿಗೆ ಗೊತ್ತು. ಪರರ ಕೊಟ್ಟಿಗೆಯ ಭಯಕ್ಕೂ ನಾವು ಅಷ್ಟು ಮರ್ಯಾದೆ ಕೊಡಬೇಡವೇ?

ಅದಕ್ಕಿಂತಲೂ ನನ್ನನ್ನು ಕಾಡುವ ಮಾತು ಬೇರೊಂದಿದೆ. ವಿಮಾನನಿಲ್ದಾಣದಲ್ಲಿ ಎರಡು ದಾರಿ: ತೋರಿಸಬೇಕಾದದ್ದು ಇದ್ದವರಿಗೆ ಕೆಂಪು, ಇಲ್ಲದವರಿಗೆ ಹಸಿರು. ಹಸಿರಿನಲ್ಲಿ ನಡೆದರೆ, "ನನ್ನಲ್ಲಿ ಏನೂ ಇಲ್ಲ" ಎಂದು ಹೇಳಿದಂತೆಯೇ. ಬಾಯಿ ತೆರೆಯದೆ ಕಾಲಿನಿಂದ ಆಡುವ ಸುಳ್ಳು ಅದು. ಡಬ್ಬಿ ತುಂಬಿದವಳು ತಾಯಿ, ನಡೆಯುವವನು ಮಗ. ಸಿಕ್ಕಿಬಿದ್ದರೆ ದಂಡ ತೆರುವವನೂ ಅವನೇ. ಹೊಸ ದೇಶದ ನೆಲದಲ್ಲಿ ಅವನು ಇಡುವ ಮೊದಲ ಹೆಜ್ಜೆಗೇ ನಮ್ಮ ವಾತ್ಸಲ್ಯ ಈ ಅಳುಕನ್ನು ಕಟ್ಟಿ ಕಳಿಸಬಹುದೆ?

1888ರ ಸೆಪ್ಟೆಂಬರ್ 4ರಂದು ನಮ್ಮ ಈ ಮುಂಬಯಿಯಿಂದಲೇ ಹಡಗು ಹತ್ತಿದ ಗಾಂಧಿಯವರೂ ತಿಂಡಿ, ಹಣ್ಣು ಕಟ್ಟಿಕೊಂಡು ಹೋಗಿದ್ದರು. ಇಳಿಯುವಾಗ ತೊಡಲೆಂದು ಜೋಪಾನ ಮಾಡಿದ್ದ ಬಿಳಿ ಫ್ಲಾನೆಲ್ ಉಡುಪು ದಡದಲ್ಲಿ ಅವರನ್ನು ನಾಚಿಸಿತು. ಆ ತಿಂಗಳ ಕೊನೆಯಲ್ಲಿ ಬಿಳಿ ತೊಟ್ಟವರು ಅವರೊಬ್ಬರೇ. ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟೆನೆಂದು ತಾಯಿ ಪುತಳೀಬಾಯಿಯ ಮುಂದೆ ಮಾಡಿದ ಪ್ರತಿಜ್ಞೆಯೂ ಹಗುರವಾದ ಸಾಮಾನಲ್ಲ. ಲಂಡನ್ನಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಶಾಕಾಹಾರದ ಹೋಟೆಲು ಕಣ್ಣಿಗೆ ಬೀಳುವವರೆಗೆ ಅದು ಅವರನ್ನು ಅರೆಹೊಟ್ಟೆಯಲ್ಲಿರಿಸಿತು. ಆದರೆ ಅದನ್ನು ಯಾರಿಂದಲೂ ಬಚ್ಚಿಡಬೇಕಾಗಿರಲಿಲ್ಲ. ಮಾಂಸ ತಿನ್ನೆಂದು ಒತ್ತಾಯಿಸಿದ ಗೆಳೆಯರಿಗೆ ಅದನ್ನೇ ಹೇಳಿ ಕೈಮುಗಿದರು.

ತುಪ್ಪವಿಲ್ಲದೆ ಕಳಿಸುವುದು ತಾಯಿಗೆ ಸುಲಭವೆಂದು ನಾನೆನ್ನಲಾರೆ. ಬರ್ಲಿನ್ನಿನಲ್ಲಿ ಅಕ್ಕಿ ಬೇಳೆ ಸಿಗುತ್ತದೆಂದರೆ ಆಕೆಗೆ ಸಮಾಧಾನವಾಗದು. ಆಕೆ ಕಟ್ಟುತ್ತಿರುವುದು ಅಕ್ಕಿ ಬೇಳೆಯನ್ನಲ್ಲವಲ್ಲ. ಅಲ್ಲಿಯ ಅಂಗಡಿಗಳಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಮಿನ ಪೊಟ್ಟಣಗಳಲ್ಲಿ ದೊರೆಯುತ್ತದೆ. ಹೊರಡುವ ವಾರ ಮಗನನ್ನು ಒಲೆಯ ಮುಂದೆ ನಿಲ್ಲಿಸಿಕೊಳ್ಳಿ. ಉರಿ ಎಷ್ಟಿರಬೇಕು, ಬೆಣ್ಣೆಯ ಚಟಪಟ ಸದ್ದು ಯಾವಾಗ ಅಡಗುತ್ತದೆ, ತಳದ ಗಸಿ ಯಾವ ಬಣ್ಣಕ್ಕೆ ಬಂದಾಗ ಇಳಿಸಬೇಕು ಎಂದು ಅವನಿಗೇ ತೋರಿಸಿಕೊಡಿ. ಒಂದೆರಡು ಸಲ ಸೀಯಿಸಲಿ, ಪರವಾಗಿಲ್ಲ.