ಮರೆತವರ ಅರಿವಾಗಿ ನಿಲ್ಲುವ ದಾಸೋಹ

ಶರಣಧರ್ಮದಲ್ಲಿ ಅರಿವಿಗೆ ಗುರುವಿನ ಸ್ಥಾನವುಂಟು. ಮರೆವಾದರೋ ಭವದ ಬೀಜವೆಂದು ಶರಣರು ಬಗೆಬಗೆಯಾಗಿ ಎಚ್ಚರಿಸಿದ್ದಾರೆ. ಈ ಮಾತನ್ನು ಕೇಳುತ್ತ ಬೆಳೆದ ಭಕ್ತರ ಮನೆಯಲ್ಲಿ, ಐವತ್ತು ವರ್ಷ ತಪ್ಪದೆ ಲಿಂಗಪೂಜೆ ಮಾಡಿದ ಹಿರಿಯರೊಬ್ಬರು ಒಂದು ದಿನ ಪೂಜೆಯ ಕ್ರಮವನ್ನು ಮರೆಯುತ್ತಾರೆ. ಉಂಡುದನ್ನು ಮರೆತು ಮತ್ತೆ ಊಟ ಕೇಳುತ್ತಾರೆ. ಕೊರಳ ಕರಡಿಗೆಯನ್ನು ಬಿಚ್ಚಿ ಎಲ್ಲಿಯೋ ಇಟ್ಟುಬಿಡುತ್ತಾರೆ. ಆಗ ಮನೆಯವರ ಎದೆಯಲ್ಲಿ ದುಃಖದ ಜೊತೆಗೆ ಒಂದು ಅಂಜಿಕೆಯೂ ಹುಟ್ಟುತ್ತದೆ. ಇದು ಶಿವನ ಮುನಿಸೇ? ಯಾವ ಜನ್ಮದ ಕರ್ಮ? ನಾಲ್ಕು ಜನರಿಗೆ ತಿಳಿದರೆ ಗತಿಯೇನು? ಹೀಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಬಾಗಿಲ ಹಿಂದೆ ಒಬ್ಬ ಸೊಸೆಯೋ ಮಡದಿಯೋ ಹಗಲಿರುಳು ಒಂಟಿಯಾಗಿ ಸವೆಯುತ್ತಾಳೆ.

ಇಲ್ಲಿ ಎರಡು ಮರೆವುಗಳನ್ನು ಬೇರ್ಪಡಿಸಿ ಅರಿಯುವುದು ಅಗತ್ಯ. ಶರಣರು ಖಂಡಿಸಿದ ಮರೆವು ತನ್ನ ನಿಜವನ್ನು ಅರಿಯಬಲ್ಲವನು ಅರಿಯದೆ ವಿಷಯಗಳಲ್ಲಿ ಮುಳುಗಿರುವುದು. ಅದಕ್ಕೆ ಆತನೇ ಹೊಣೆ. ಹಿರಿಯರನ್ನು ಕವಿಯುವ ಈ ಮರೆವು ಮೆದುಳಿನ ರೋಗ. ಇದಕ್ಕೆ ರೋಗಿ ಹೊಣೆಯಲ್ಲ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ವಿದ್ವಾಂಸರ ಮುಂದಿಟ್ಟನು. ಅರವತ್ತಕ್ಕೆ ಅರಳು ಮರಳೆಂಬ ಗಾದೆಯನ್ನು ನಂಬಿ, ವಯಸ್ಸಾದರೆ ಹೀಗೆಯೇ ಎಂದು ಸುಮ್ಮನಿರುವುದು ಸರಿಯಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ, ಒಟ್ಟು 88 ಲಕ್ಷ ಜನರಿಗೆ, ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು. ಉಳಿದ ತೊಂಬತ್ತಮೂರು ಮಂದಿಗೆ ಇಲ್ಲದುದು ಮುಪ್ಪಿನ ಸಹಜಧರ್ಮವಾಗುವುದೆಂತು?

ಆದುದರಿಂದ ಮೊದಲ ಕರ್ತವ್ಯ ವೈದ್ಯರಿಗೆ ತೋರಿಸುವುದು. ಥೈರಾಯ್ಡ್ ದೋಷ, ಮನೋವೇದನೆ, ಕೆಲವು ಔಷಧಿಗಳ ಪರಿಣಾಮ, ಬಿ-12 ಜೀವಸತ್ವದ ಕೊರತೆ ಇವುಗಳಿಂದಲೂ ಮರೆವು ತೋರುವುದುಂಟು. ಸಕಾಲದಲ್ಲಿ ಚಿಕಿತ್ಸೆಯಾದರೆ ಇಂಥ ಮರೆವು ತಗ್ಗಬಹುದು. ಸಸ್ಯಾಹಾರಿಗಳಲ್ಲಿ ಈ ಜೀವಸತ್ವದ ಕೊರತೆ ಹೆಚ್ಚಾದುದರಿಂದ ಲಿಂಗವಂತರ ಮನೆಗಳು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು. ರಕ್ತದೊತ್ತಡ, ಸಕ್ಕರೆ ರೋಗ, ತಂಬಾಕು, ಕಿವುಡು, ಒಂಟಿತನ ಮೊದಲಾದ ಹದಿನಾಲ್ಕು ಕಾರಣಗಳನ್ನು ಹತೋಟಿಯಲ್ಲಿಟ್ಟರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ನೂರಕ್ಕೆ 45 ಪಾಲನ್ನು ತಡೆಯಬಹುದು, ಇಲ್ಲವೆ ಮುಂದೂಡಬಹುದು ಎಂದು ಲ್ಯಾನ್ಸೆಟ್ ಆಯೋಗವು 2024ರಲ್ಲಿ ಹೇಳಿತು. ಬಹುಪಾಲು ರೋಗಿಗಳಲ್ಲಿ ಕಳೆದುಹೋದ ನೆನಪನ್ನು ಮರಳಿ ತರುವ ಮದ್ದು ಮಾತ್ರ ಇನ್ನೂ ಇಲ್ಲ. ಮದ್ದಿಲ್ಲದಲ್ಲಿ ಮನುಷ್ಯರು ಬೇಕು.

ನುಲಿಯ ಚಂದಯ್ಯನವರ ಚರಿತ್ರೆಯನ್ನು ಭಕ್ತರು ಬಲ್ಲರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಆ ಶರಣರು ಜಂಗಮದಾಸೋಹದ ಕಾಯಕವನ್ನು ನಿಲ್ಲಿಸದೆ ನಡೆದರು. ಲಿಂಗವೇ ಅವರ ಬೆನ್ನು ಹತ್ತಿ ಬಂದಿತಂತೆ. ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಮಾಧಾನ ಹೇಳಬೇಕಾಯಿತಂತೆ. ಸೇವೆ ನಿಂತರೆ ಪೂಜೆಗೆ ಅರ್ಥವಿಲ್ಲ ಎಂಬುದೇ ಆ ಕಥೆಯ ಹುರುಳು. ರೋಗದಿಂದ ಕರಡಿಗೆಯನ್ನು ಕಳೆದುಕೊಂಡ ತಂದೆಯನ್ನು ವ್ರತಭ್ರಷ್ಟನೆಂದು ಗದರಿಸುವ ಮಗನು ಈ ಹುರುಳನ್ನು ಅರಿತಿಲ್ಲ. ಕರಡಿಗೆಯನ್ನು ಹುಡುಕಿ ತಂದು, ಕೈಕಾಲು ತೊಳೆಸಿ, ಹಣೆಗೆ ವಿಭೂತಿಯಿಟ್ಟು, ಅಂಗೈಯ ಮೇಲೆ ಲಿಂಗವನ್ನಿಟ್ಟು ಬಳಿಯಲ್ಲಿ ಕೂಡುವ ಮಗನೇ ಬಲ್ಲವನು. ಹೆಸರುಗಳು ಅಳಿದ ಮೇಲೆಯೂ ಬಹುಕಾಲದ ಅಭ್ಯಾಸವು ಬೆರಳಲ್ಲಿ ಉಳಿದಿರುವುದುಂಟು. ಚಿಕ್ಕಂದಿನ ಹಾಡು ತುಟಿಗೆ ಬರುವುದುಂಟು. ಆದರೆ ಬೇಡವೆಂದ ದಿನ ಒತ್ತಾಯ ಸಲ್ಲದು.

ಮಾತಿನಲ್ಲಿಯೂ ದಾಸೋಹವುಂಟು. "ಅಪ್ಪಾರ, ನಾ ಯಾರು ಹೇಳ್ರಿ ನೋಡೋಣ" ಎಂದು ಪರೀಕ್ಷೆ ಮಾಡುವುದು ಹಿರಿಯ ಜೀವವನ್ನು ನಾಚಿಸುವುದಷ್ಟೆ. "ಅಪ್ಪಾರ, ನಾ ನಿಮ್ಮ ಕಿರೀ ಮಗ ಬಂದೀನಿ" ಎಂದು ತಾನೇ ಹೇಳಿಕೊಂಡರೆ ಆ ಮುಖ ಅರಳುತ್ತದೆ. ಎಂದೋ ಲಿಂಗೈಕ್ಯನಾದ ಗಂಡನನ್ನು ತಾಯಿ ಕೇಳಿದಾಗಲೆಲ್ಲ ಸಾವಿನ ಸುದ್ದಿ ಹೇಳಿದರೆ ಆಕೆ ಪ್ರತಿಸಲವೂ ಹೊಸದಾಗಿ ಅಳುತ್ತಾಳೆ. ಅವರು ಹೇಗಿದ್ದರು ಎಂದು ಕೇಳಿ ಆಲಿಸುವುದು ಕರುಣೆಯ ದಾರಿ.

ಇಷ್ಟೆಲ್ಲವೂ ಒಬ್ಬಳ ತೋಳಿಗೆ ನಿಲುಕುವ ಕೆಲಸವೇ? ಕಲ್ಯಾಣದ ಮಹಾಮನೆ ಒಬ್ಬರ ಕೈಯಿಂದ ನಡೆಯಲಿಲ್ಲ. ಮರೆವಿನ ರೋಗಿಯ ಆರೈಕೆಯೂ ಊರ ದಾಸೋಹವಾಗಬೇಕು. ಅದಕ್ಕೆ ಮರುಕವೊಂದೇ ಸಾಲದು, ವ್ಯವಸ್ಥೆ ಬೇಕು. ಜಪಾನಿನಲ್ಲಿ ಈ ರೋಗಕ್ಕಿದ್ದ ಹೀನಾಯದ ಹೆಸರನ್ನು 2004ರಲ್ಲಿ ಬದಲಿಸಿದರು. ಮರುವರ್ಷದಿಂದ ಅಂಗಡಿಕಾರರು, ಬ್ಯಾಂಕಿನವರು, ಶಾಲೆಯ ಮಕ್ಕಳು ಮೊದಲಾಗಿ ಸಾಮಾನ್ಯ ಜನರಿಗೆ ಕಿರುಬೋಧೆ ಕೊಡತೊಡಗಿದರು. ಹಾಗೆ ಕಲಿತವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಮಠದ ಅಂಗಳದಲ್ಲಿ ಶಿವಾನುಭವಗೋಷ್ಠಿಗೆ ಕೂಡುವ ಜನರಿಗೆ ಇಂಥದೊಂದು ಬೋಧೆ ಅಸಾಧ್ಯವೇ?

ಊರೂರಿನಲ್ಲಿ ಐದಾರು ಭಕ್ತರು ಕೂಡಿ, ಆಶಾ ಕಾರ್ಯಕರ್ತೆಯನ್ನೂ ಆರೋಗ್ಯ ಕೇಂದ್ರದ ವೈದ್ಯರನ್ನೂ ಜೊತೆಗೆ ಕರೆದುಕೊಳ್ಳಲಿ. ಯಾವ ಮನೆಗೆ ನೆರವು ಬೇಕೆಂಬುದನ್ನು ಗುಟ್ಟು ಕಾಯ್ದು ಕೇಳಿ ತಿಳಿಯಲಿ. ಸರದಿಯ ಮೇಲೆ ವಾರಕ್ಕೆ ಎರಡು ಸಲ, ಎರಡು ತಾಸು ಯಾರಾದರೂ ಹಿರಿಯರ ಬಳಿ ಕುಳಿತರೆ ಆರೈಕೆಯ ಹೆಣ್ಣುಮಗಳು ನಿದ್ರಿಸಬಹುದು, ಸಂತೆಗೆ ಹೋಗಬಹುದು, ತಾನೂ ಪೂಜೆಗೆ ಕೂಡಬಹುದು. ಹಿರಿಯರ ಕಿಸೆಯಲ್ಲಿ ಮನೆಯ ಫೋನ್ ಸಂಖ್ಯೆಯ ಚೀಟಿಯಿರಲಿ. ದಾರಿ ತಪ್ಪಿ ಬಂದವರನ್ನು ಕೂಡಿಸಿ, ನೀರು ಕೊಟ್ಟು, ಮನೆಗೆ ತಿಳಿಸುವುದನ್ನು ಅಂಗಡಿಯವರೂ ಬಸ್ ನಿರ್ವಾಹಕರೂ ಕಲಿಯಲಿ. ಸಲಹೆಗಾಗಿ 2021ರಿಂದ ಹಿರಿಯರ ಉಚಿತ ಸಹಾಯವಾಣಿ 14567 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞರಿದ್ದಾರೆ.

ಇನ್ನೊಂದು ಮಾತನ್ನು ಕಟುವಾದರೂ ಹೇಳಲೇಬೇಕು. ನೆನಪು ಕುಂದಿದ ತಂದೆಯ ಹೆಬ್ಬೆಟ್ಟನ್ನು ಹೊಲದ ಕಾಗದಕ್ಕೆ ಒತ್ತಿಸಿಕೊಳ್ಳುವುದು ಕಳವು. ಅಂಥ ಕಾಗದಕ್ಕೆ ಸಾಕ್ಷಿ ಹಾಕುವವನೂ ಆ ಕಳವಿನ ಪಾಲುದಾರ. ತಿಳಿವು ಇರುವಾಗಲೇ ಹಿರಿಯರ ಇಚ್ಛೆಯನ್ನು ಕೇಳಿ ಬರೆಯಿಸಿಡುವುದು ನ್ಯಾಯದ ದಾರಿ. ದುರ್ಬಲರ ಸ್ವತ್ತನ್ನು ಕಾಯುವುದೂ ಊರ ದಾಸೋಹದ ಒಂದು ಭಾಗವೇ ಆಗಿದೆ.

ಮರೆತವರು ತಮ್ಮನ್ನು ತಾವು ನೆನೆಯಲಾರರು. ಅವರನ್ನು ನೆನೆಯುವ ಭಾರ ಉಳಿದವರದು. ಈ ಹಿರಿಯರು ಮನೆ ಕಟ್ಟಿದವರೆಂದು, ಜಾತ್ರೆಯಲ್ಲಿ ತೇರನ್ನೆಳೆದವರೆಂದು, ಹಸಿದವರಿಗೆ ಉಣಬಡಿಸಿದವರೆಂದು ಊರು ನೆನಪಿಟ್ಟರೆ ಅವರ ಬಾಳು ಅಳಿಯದು. ಭಕ್ತರು ಇಂದು ತಮ್ಮ ಓಣಿಯಲ್ಲಿ ಮುಚ್ಚಿರುವ ಒಂದು ಬಾಗಿಲನ್ನು ಮೆಲ್ಲನೆ ತಟ್ಟಲಿ. ಒಳಗಿರುವ ಹಿರಿಯರಿಗೂ ಅವರನ್ನು ಕಾಯುವ ತಾಯಿಗೂ ಶರಣೆನ್ನಲಿ. ಅದೇ ಲಿಂಗ ಮೆಚ್ಚುವ ಪೂಜೆ.