ಅದೃಷ್ಟದ ಗೋಲು

2002ರ ಡಿಸೆಂಬರ್ 1ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ತಂಡಗಳು ಸೆಣಸುತ್ತಿದ್ದವು. ದ್ವಿತೀಯಾರ್ಧದಲ್ಲಿ ಲಿವರ್‌ಪೂಲ್‌ನ ರಕ್ಷಣಾ ಆಟಗಾರ ಜೇಮಿ ಕ್ಯಾರಾಗರ್ ತಲೆಯಿಂದ ಚೆಂಡನ್ನು ಮೆಲ್ಲನೆ ತಮ್ಮ ಗೋಲ್‌ಕೀಪರ್‌ನತ್ತ ತಳ್ಳಿದರು. ಮಕ್ಕಳೂ ಹಿಡಿಯಬಹುದಾದ ಚೆಂಡು. ಆದರೆ ಪೋಲೆಂಡಿನ ಗೋಲ್‌ಕೀಪರ್ ಯೆರ್ಜಿ ದುಡೆಕ್ ಅವರ ಕೈಗೆ ಅದು ಸಿಗದೆ ಕಾಲುಗಳ ನಡುವಿನಿಂದ ನುಸುಳಿತು. ಹಿಂದೆಯೇ ಓಡಿಬಂದಿದ್ದ ಯುನೈಟೆಡ್‌ನ ಡೀಗೊ ಫೋರ್ಲಾನ್ ಖಾಲಿ ಗೋಲಿಗೆ ಅದನ್ನು ತಳ್ಳಿದರು. ಮೂರೇ ನಿಮಿಷಗಳ ನಂತರ ಅದೇ ಫೋರ್ಲಾನ್ ಬಲವಾಗಿ ಹೊಡೆದು ಎರಡನೇ ಗೋಲು ಗಳಿಸಿದರು. ಯುನೈಟೆಡ್ 2-1ರಿಂದ ಗೆದ್ದಿತು.

ಉರುಗ್ವೆಯ ಫೋರ್ಲಾನ್ ಆ ವರ್ಷದ ಜನವರಿಯಲ್ಲಿ ಈ ತಂಡವನ್ನು ಸೇರಿದ್ದರು. ಗೋಲು ಹೊಡೆಯುವುದೇ ಅವರ ಕೆಲಸ. ಆದರೆ ಮೊದಲ ಗೋಲಿಗೆ ಸುಮಾರು 8 ತಿಂಗಳು ಕಾಯಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಬಂದ ಆ ಗೋಲೂ ಒಂದು ಪೆನಾಲ್ಟಿ. ಅಂಥವರ ಕಾಲಿಗೆ ಆನ್‌ಫೀಲ್ಡಿನಲ್ಲಿ ಮತ್ತೊಬ್ಬರ ಎಡವಟ್ಟಿನಿಂದ ಒಂದು ಗೋಲು ದಕ್ಕಿತು. ಅದರ ಬೆನ್ನಿಗೇ ಬಂದ ಎರಡನೆಯದು ಮಾತ್ರ ಅಪ್ಪಟ ಅವರದೇ.

ಇಲ್ಲಿ ಒಂದು ನೈತಿಕ ಪ್ರಶ್ನೆಯಿದೆ. ತಾನು ದುಡಿಯದೆ ಬಂದ ಗಳಿಕೆಯಿಂದ ಹುಟ್ಟಿದ ಆತ್ಮವಿಶ್ವಾಸ ಪ್ರಾಮಾಣಿಕವಾದುದೇ? ಮೊದಲ ಗೋಲಿನಲ್ಲಿ ಫೋರ್ಲಾನ್ ಅವರ ಪ್ರತಿಭೆಗೆ ಸಿಕ್ಕ ಸಾಕ್ಷ್ಯ ಏನೂ ಇರಲಿಲ್ಲ. ಹಾಗಿದ್ದರೂ ಅದು ಅವರಿಗೆ ಧೈರ್ಯ ಕೊಟ್ಟಿದ್ದರೆ, ಆ ಧೈರ್ಯವನ್ನು ಆತ್ಮವಂಚನೆ ಎನ್ನಬಾರದೇಕೆ?

ಉತ್ತರ ಹುಡುಕುವ ಮೊದಲು ಗೋಲಿನ ಬರಗಾಲ ಎಂದರೇನು ಎಂಬುದನ್ನು ನೋಡಬೇಕು. ಒಳ್ಳೆಯ ಸ್ಟ್ರೈಕರ್ ಕೂಡ ಐದಾರು ಸಲ ಹೊಡೆದರೆ ಒಂದು ಸಲ ಗೋಲು ಕಾಣುತ್ತಾನೆ. ಐದಕ್ಕೆ ಒಂದು ಎಂದೇ ಹಿಡಿಯೋಣ. ಅಂಥವನ ಹತ್ತು ಹೊಡೆತಗಳು ಸಾಲಾಗಿ ವ್ಯರ್ಥವಾಗುವ ಸಾಧ್ಯತೆ ಲೆಕ್ಕದ ಪ್ರಕಾರ ಸುಮಾರು ಶೇ. 10ರಷ್ಟಿದೆ. ಅಂದರೆ ಯಾವ ದೋಷವೂ ಇಲ್ಲದ ಆಟಗಾರನಿಗೂ ಬರಗಾಲ ಬಂದೇ ಬರುತ್ತದೆ. ಚೆಂಡು ಕಂಬಕ್ಕೆ ಬಡಿದು ಹೊರಹೋಯಿತು. ಎದುರಾಳಿಯ ಮೊಣಕಾಲಿಗೆ ತಾಗಿ ದಿಕ್ಕು ತಪ್ಪಿತು. ಗೋಲ್‌ಕೀಪರನ ಬೆರಳ ತುದಿಗೆ ಸಿಕ್ಕಿತು. ಇವೂ ಅದೃಷ್ಟದ ಆಟವೇ. ಆದರೆ ಇವನ್ನು ನಾವು ದುರದೃಷ್ಟ ಎಂದು ಕರೆಯುವುದಿಲ್ಲ. "ಅವನ ಕೈಲಾಗದು" ಎಂದು ತೀರ್ಪು ಕೊಡುತ್ತೇವೆ. ಗ್ಯಾಲರಿ ಹಾಗೆನ್ನುತ್ತದೆ, ಪತ್ರಿಕೆ ಹಾಗೆ ಬರೆಯುತ್ತದೆ, ಕೊನೆಗೆ ಆಟಗಾರನೂ ಅದನ್ನೇ ನಂಬುತ್ತಾನೆ.

ನಂಬಿದ ಮೇಲೆ ಕಾಲು ಮೊದಲಿನಂತೆ ಆಡುವುದಿಲ್ಲ. ಹೊಡೆಯಬೇಕಾದಲ್ಲಿ ಚೆಂಡನ್ನು ಇನ್ನೊಮ್ಮೆ ತಡೆಯುತ್ತಾನೆ, ಇಲ್ಲವೇ ಪಕ್ಕದವನಿಗೆ ಕೊಟ್ಟು ಹೊಣೆ ಕಳಚಿಕೊಳ್ಳುತ್ತಾನೆ. ಆ ಅರೆಕ್ಷಣದ ಹಿಂಜರಿಕೆಯಲ್ಲಿ ಅವಕಾಶ ಕೈತಪ್ಪುತ್ತದೆ. ಸುಳ್ಳಾಗಿದ್ದ ತೀರ್ಪು ಹೀಗೆ ತನ್ನಿಂದ ತಾನೇ ನಿಜವಾಗುತ್ತದೆ.

ಅದೃಷ್ಟದ ಗೋಲು ಕೆಲಸ ಮಾಡುವುದು ಇಲ್ಲಿ. ಅದು ಆಟಗಾರನಿಗೆ ಇಲ್ಲದ ಸಾಮರ್ಥ್ಯವನ್ನು ತಂದುಕೊಡುವುದಿಲ್ಲ. ಅವನ ಮೇಲೆ ಹೇರಿದ್ದ ತೀರ್ಪನ್ನು ಅಳಿಸುತ್ತದೆ, ಅಷ್ಟೆ. ಅರ್ಹತೆಯಿಲ್ಲದೆ ಬಂದ ಸೋಲು ಕಿತ್ತುಕೊಂಡಿದ್ದನ್ನು ಅರ್ಹತೆಯಿಲ್ಲದೆ ಬಂದ ಗೆಲುವು ಹಿಂತಿರುಗಿಸಿದರೆ ಅದರಲ್ಲಿ ವಂಚನೆ ಎಲ್ಲಿದೆ? ಫೋರ್ಲಾನ್ ಮುಂದೆ ಸ್ಪೇನಿನ ಲೀಗ್‌ನಲ್ಲಿ ಎರಡು ಋತುಗಳಲ್ಲಿ ಅತಿ ಹೆಚ್ಚು ಗೋಲು ಗಳಿಸಿದರು. 2010ರ ವಿಶ್ವಕಪ್‌ನಲ್ಲಿ ಶ್ರೇಷ್ಠ ಆಟಗಾರನಿಗೆ ಸಲ್ಲುವ ಚಿನ್ನದ ಚೆಂಡು ಅವರ ಪಾಲಾಯಿತು. ಇದನ್ನೆಲ್ಲ ದುಡೆಕ್ ಕೈಜಾರಿಸಿದ ಚೆಂಡು ಕೊಡಿಸಿತು ಎನ್ನುವುದು ಮೂರ್ಖತನ. ಆದರೆ ಆ ಸಾಮರ್ಥ್ಯ 2002ರ ಬರಗಾಲದಲ್ಲೂ ಅವರೊಳಗೆ ಇದ್ದಿರಲೇಬೇಕು.

ಹಾಗೆಂದು ಅದೃಷ್ಟವನ್ನು ಸರ್ವರೋಗದ ಮದ್ದು ಎಂದುಕೊಳ್ಳುವುದೂ ತಪ್ಪು. ಸ್ಪೇನಿನ ಫರ್ನಾಂಡೊ ಟೊರೆಸ್ 2011ರ ಜನವರಿಯಲ್ಲಿ 5 ಕೋಟಿ ಪೌಂಡ್ ಬೆಲೆಗೆ ಚೆಲ್ಸಿ ತಂಡವನ್ನು ಸೇರಿದರು. ಏಪ್ರಿಲ್ 23ರವರೆಗೆ ಒಂದೂ ಗೋಲಿಲ್ಲ. ಅಂದು ವೆಸ್ಟ್ ಹ್ಯಾಮ್ ವಿರುದ್ಧ ಸುರಿವ ಮಳೆಯಲ್ಲಿ ಅವರತ್ತ ಬಂದ ಚೆಂಡು ನಿಂತ ನೀರಿನಲ್ಲಿ ಸಿಕ್ಕಿಕೊಂಡಿತು. ಟೊರೆಸ್ ಸರಕ್ಕನೆ ತಿರುಗಿ ಹೊಡೆದರು, ಗೋಲಾಯಿತು. ಬರಗಾಲ ಕಳೆಯಿತೆಂದು ಎಲ್ಲರೂ ಸಂಭ್ರಮಿಸಿದರು. ಆದರೆ ಆ ಋತುವಿನಲ್ಲಿ ಚೆಲ್ಸಿಗೆ ಅವರ ಗೋಲು ಅದೊಂದೇ. ಮರುವರ್ಷ ಮತ್ತೆ ಐದು ತಿಂಗಳ ಬರ. ಹಿಂದಿನ ವರ್ಷವಷ್ಟೇ ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಮನಸ್ಸಿನ ಗಂಟನ್ನು ಒಂದು ಗೋಲು ಬಿಚ್ಚಬಹುದು. ಬೇರೆ ಕಾರಣಗಳಿದ್ದರೆ ಅವಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಅದೃಷ್ಟ ಬಾಗಿಲು ತೆರೆಯುತ್ತದೆ. ಒಳಗೆ ನಡೆಯಬೇಕಾದುದು ನಮ್ಮ ಕಾಲೇ.

ಇನ್ನು ದುಡೆಕ್ ಅವರನ್ನು ಮರೆಯುವಂತಿಲ್ಲ. ಒಬ್ಬನ ಅದೃಷ್ಟ ಮತ್ತೊಬ್ಬನ ಅವಮಾನವಾಗಿರುವುದು ಆಟದಲ್ಲೂ ಬದುಕಿನಲ್ಲೂ ಸಾಮಾನ್ಯ. ಆ ಪಂದ್ಯದ ನಂತರ ಅವರು ತಂಡದಲ್ಲಿ ಸ್ಥಾನ ಕಳೆದುಕೊಂಡರು. ಆದರೆ 2003ರ ಮಾರ್ಚ್‌ನಲ್ಲಿ ಲೀಗ್ ಕಪ್ ಫೈನಲ್‌ನಲ್ಲಿ ಅದೇ ಯುನೈಟೆಡ್ ವಿರುದ್ಧ ಪಂದ್ಯಶ್ರೇಷ್ಠರಾದರು. 2005ರಲ್ಲಿ ಇಸ್ತಾಂಬುಲ್‌ನಲ್ಲಿ ಮಿಲಾನ್ ವಿರುದ್ಧ ಪೆನಾಲ್ಟಿಗಳನ್ನು ತಡೆದು ತಂಡಕ್ಕೆ ಯುರೋಪಿನ ಅತಿ ದೊಡ್ಡ ಕಪ್ ಗೆಲ್ಲಿಸಿಕೊಟ್ಟರು. ಅವರ ಮೇಲಿನ ತೀರ್ಪೂ ಆತುರದ್ದೇ ಆಗಿತ್ತು.

ಇಲ್ಲಿ ನಮಗೂ ಒಂದು ಹೊಣೆಯಿದೆ. ಫೋರ್ಲಾನ್ ಅವರ ಆ ಮೊದಲ ಪೆನಾಲ್ಟಿಯನ್ನು ನೆನಪಿಸಿಕೊಳ್ಳಿ. ಅಂದು ಚೆಂಡನ್ನು ಅವರ ಕೈಗಿತ್ತವರು ತಂಡದ ಡೇವಿಡ್ ಬೆಕಮ್. ಪಂದ್ಯ ಆಗಲೇ ಗೆದ್ದಂತಿತ್ತು. ಬೆಕಮ್ ತಾವೇ ಹೊಡೆದಿದ್ದರೆ ಅವರ ಲೆಕ್ಕಕ್ಕೆ ಇನ್ನೊಂದು ಗೋಲು ಸೇರುತ್ತಿತ್ತು, ಅಷ್ಟೆ. ನಿಂತ ನೀರು ತಾನಾಗಿ ಬರಬೇಕು, ಎದುರಾಳಿಯ ಕೈ ತಾನಾಗಿ ಜಾರಬೇಕು. ಆದರೆ ಜೊತೆಗಾರನ ಕೈಗೆ ಚೆಂಡು ಕೊಡುವುದು ಮನುಷ್ಯನಿಂದ ಸಾಧ್ಯ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ಮಗನಿಗೆ, ಮೊದಲ ವ್ಯಾಪಾರದಲ್ಲಿ ಕೈಸುಟ್ಟುಕೊಂಡ ತಮ್ಮನಿಗೆ, ಕೆಲಸ ಕಳೆದುಕೊಂಡು ಮುಖ ತೋರಿಸಲು ಅಂಜುವ ನೆರೆಯವನಿಗೆ ಉಪದೇಶಕ್ಕಿಂತ ಒಂದು ಸಣ್ಣ ಗೆಲುವು ಹೆಚ್ಚು ಉಪಕಾರಿ. ಅವರು ಅದಕ್ಕೆ ಅರ್ಹರೇ ಎಂದು ಮೊದಲು ತೂಗುತ್ತ ಕೂರಬೇಕಿಲ್ಲ. ಅವರ ಸೋಲುಗಳನ್ನು ಯಾರು ತಾನೇ ತೂಗಿ ಕೊಟ್ಟಿದ್ದರು?