ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

*ಇಂದಿನ ಧಮ್ಮ ಚಿಂತನೆ*

 

ಅಂಬಾಸಿಡರ್ ಕಾರು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮದುವೆಗೂ ಅದೇ, ಆಸ್ಪತ್ರೆಗೂ ಅದೇ, ಎಲೆಕ್ಷನ್ ಪ್ರಚಾರಕ್ಕೂ ಅದೇ. 2014ರಲ್ಲಿ ಅದರ ತಯಾರಿಕೆ ನಿಂತಿತು. ಹಳೆಯ ಪೆಟ್ರೋಲ್ ಅಂಬಾಸಿಡರ್ ಉಳಿಸಿಕೊಂಡವರಿಗೆ ಆಯಿಲ್ ಸೋರಿಕೆಯ ಕಾಟ ಚೆನ್ನಾಗಿ ಗೊತ್ತು. ಕಾರು ನಿಂತ ಕಡೆಯೆಲ್ಲ ನೆಲದ ಮೇಲೆ ಕಪ್ಪು ಕಲೆ.

ಸೋರಿದರೆ ಕೆಳಗೊಂದು ತಟ್ಟೆ ಇಡುತ್ತೇವೆ. ಆಯಿಲ್ ಕಮ್ಮಿಯಾದರೆ ಮತ್ತೆ ಸುರಿಯುತ್ತೇವೆ. ಹನಿ ಬೀಳುವುದು ಸಂಪ್‌ನಿಂದ ತಾನೇ ಎಂದು ಅದರ ಬೋಲ್ಟ್ ಬಿಗಿಯುತ್ತೇವೆ. ಅತಿಯಾಗಿ ಬಿಗಿದರೆ ಕಾರ್ಕ್ ಪ್ಯಾಕಿಂಗ್ ಹಿಸುಕಿಹೋಗಿ ಸೋರಿಕೆ ಇನ್ನೂ ಹೆಚ್ಚುತ್ತದೆ.

ಪಳಗಿದ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ. ಎಂಜಿನ್ ತೊಳೆದು, ಒರೆಸಿ, ಒಣಗಿಸಿ, ಮೇಲೆ ಪೌಡರ್ ಉದುರಿಸುತ್ತಾನೆ. ಸ್ವಲ್ಪ ಹೊತ್ತು ಓಡಿಸಿ ಟಾರ್ಚ್ ಹಾಕಿ ನೋಡುತ್ತಾನೆ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಪೌಡರ್ ಒದ್ದೆಯಾದ ಎಲ್ಲಕ್ಕಿಂತ ಮೇಲಿನ ಜಾಗವನ್ನು ಹುಡುಕುತ್ತಾನೆ. ಎಷ್ಟೋ ಸಲ ಅದು ರಾಕರ್ ಕವರ್ ಪ್ಯಾಕಿಂಗ್ ಆಗಿರುತ್ತದೆ.

ಕೆಲವು ಸಲ ಪ್ಯಾಕಿಂಗ್‌ಗಳೆಲ್ಲ ಚೆನ್ನಾಗಿದ್ದರೂ ಸೋರಿಕೆ ನಿಲ್ಲುವುದಿಲ್ಲ. ಪಿಸ್ಟನ್ ಪಕ್ಕದಿಂದ ಒಳಗೆ ನುಗ್ಗುವ ಹೊಗೆ ಹೊರಹೋಗಲು ಬ್ರೀದರ್ ಪೈಪ್ ಇದೆ. ಅದರಲ್ಲಿ ಜಿಡ್ಡು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಯಾವ ಜಾಗ ದುರ್ಬಲವೋ ಅಲ್ಲಿಂದ ಆಯಿಲ್ ಹೊರಬರುತ್ತದೆ.

ಪಾಲಿಯಲ್ಲಿ ಮನಸ್ಸಿನ ಕೊಳೆಗೆ 'ಆಸವ' ಎಂಬ ಹೆಸರಿದೆ. ಹರಿಯುವುದು, ಒಸರುವುದು ಎಂದೇ ಅದರ ಅರ್ಥ. ಮಜ್ಝಿಮ ನಿಕಾಯದ ಎರಡನೆಯ ಸುತ್ತವಾದ ಸಬ್ಬಾಸವ ಸುತ್ತದಲ್ಲಿ ಭಗವಾನ್ ಬುದ್ಧರು ಆಸವಗಳನ್ನು ಕಳೆದುಕೊಳ್ಳುವ 7 ದಾರಿ ಹೇಳಿದ್ದಾರೆ. ತಡೆಯುವುದು, ಸಹಿಸುವುದು, ದೂರವಿರುವುದು ಇವೆಲ್ಲ ಅದರಲ್ಲಿವೆ. ಆದರೆ ಮೊದಲನೆಯದು ದಸ್ಸನ, ಅಂದರೆ ನೋಡುವುದು. ನೋಡುವ ಬಗೆಗೆ ಅವರು ಬಳಸಿದ ಮಾತು 'ಯೋನಿಸೋ ಮನಸಿಕಾರ'. ಹುಟ್ಟಿದ ಜಾಗದವರೆಗೂ ಗಮನ ಕೊಂಡೊಯ್ಯುವುದು.

ಈಗ ನಮ್ಮ ಮನೆಗಳನ್ನು ನೋಡೋಣ. ಟೊಮೆಟೊಗೆ ರೇಟು ಬಿದ್ದಿದೆ. ಬೋರ್‌ವೆಲ್‌ನಲ್ಲಿ ನೀರಿಲ್ಲ. ಸಾಲ ಕೊಟ್ಟವರ ಫೋನು ಬರುತ್ತಲೇ ಇದೆ. ಊರಲ್ಲಿ ಯಾರೋ ಜಾತಿ ಹಿಡಿದು ಆಡಿದ ಮಾತು ಎದೆಯಲ್ಲಿ ಚುಚ್ಚುತ್ತಿದೆ. ಅಲ್ಲೆಲ್ಲ ಬಾಯಿ ಮುಚ್ಚಿಕೊಂಡು ಬಂದ ಅಪ್ಪ, ರಾತ್ರಿ ಲೆಕ್ಕ ತಪ್ಪು ಮಾಡಿದ ಮಗನಿಗೆ ಹೊಡೆಯುತ್ತಾನೆ. ಮರುದಿನ ಆ ಮಗ ಕ್ಲಾಸಿನಲ್ಲಿ ಪಕ್ಕದ ಹುಡುಗನಿಗೆ ಗುದ್ದುತ್ತಾನೆ. ಮೇಷ್ಟ್ರಾದವರು ಇದನ್ನು ದಿನವೂ ಕಾಣುತ್ತೇವೆ. ಒತ್ತಡ ಹುಟ್ಟಿದ್ದು ಎಲ್ಲೋ, ಸೋರಿದ್ದು ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರ ಮೇಲೆ.

ಅವಮಾನ ನುಂಗಿಕೊಳ್ಳಿ ಎಂದು ಇದರ ಅರ್ಥವಲ್ಲ. ಅದು ಎಲ್ಲಿ ಆಯಿತೋ ಅಲ್ಲೇ, ನಮ್ಮವರ ಜೊತೆ ನಿಂತು, ಕಾನೂನು ಹಿಡಿದು ಉತ್ತರ ಕೊಡಬೇಕು. ಅದರ ಸಿಟ್ಟು ಮಕ್ಕಳ ಬೆನ್ನ ಮೇಲೆ ಬೀಳಬಾರದು. ಕಲ್ಯಾಣಮಿತ್ರರ ಹತ್ತಿರ ಮನಸ್ಸು ಬಿಚ್ಚಿ ಆಡುವ ಮಾತು, ಉಸಿರು ಗಮನಿಸುತ್ತ ಕೂರುವ ಆನಾಪಾನ ಸತಿ, ಇವು ನಮ್ಮ ಬ್ರೀದರ್ ಪೈಪುಗಳು. ಅವು ಕಟ್ಟಿಕೊಳ್ಳದಂತೆ ನೋಡಿಕೊಳ್ಳೋಣ.

*ಇಂದಿನ ಅಭ್ಯಾಸ:* ಸಂಜೆ ಮನೆ ಬಾಗಿಲು ದಾಟುವ ಮೊದಲು ಚಪ್ಪಲಿ ಬಿಟ್ಟು, 10 ಉಸಿರು ಎಣಿಸಿ. 'ಈಗ ನನ್ನಲ್ಲಿ ಸಿಟ್ಟಿದೆಯೇ? ಅದು ಹುಟ್ಟಿದ್ದು ಎಲ್ಲಿ?' ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕ ಮೇಲೆ ಒಳಗೆ ಹೋಗಿ.

ಭವತು ಸಬ್ಬ ಮಂಗಲಂ.